ಹಳೇ ಮನೆಯ ಜಂತೆಗಳಲ್ಲಿ ವೈರು, ಪೈಪು ಹಾಯಿಸೋಕೆ ತೂತು ಕೊರೆಯಬಹುದಾ? ಕಚ್ಚು ತೆಗೆಯೋದಾ?

ನಾಪೋಕ್ಲು_ಹುಡುಗ:
ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮದೊಂದು ಹಳೇ ಹಂಚಿನ ಮನೆ ಇದೆ. ಮಣ್ಣಿನ ಗೋಡೆ, ಮೇಲೆ ಹಲಗೆ ಹಾಸಿದ ಅಟ್ಟ. ಅಟ್ಟದಲ್ಲಿ ಎರಡು ರೂಮು, ಒಂದು ಬಾತ್‌ರೂಮು ಮಾಡಿ ಹೋಂಸ್ಟೇ ನಡೆಸೋ ಯೋಚನೆ. ಅಟ್ಟ ಹೊತ್ತಿರೋ ಜಂತೆಗಳು 8 ಇಂಚು ಎತ್ತರ, 4 ಇಂಚು ದಪ್ಪ, ಗೋಡೆಯಿಂದ ಗೋಡೆಗೆ 12 ಅಡಿ.

ವೈರಿಂಗ್‌ನವರು ಬಂದು ನೋಡಿ, ಜಂತೆಗಳ ಅಡಿಭಾಗದಲ್ಲಿ 2 ಇಂಚು ಕಚ್ಚು ತೆಗೆದು ಪೈಪ್ ಕೂರಿಸಿ, ಕೆಳಗಿಂದ ರೀಪು ಹೊಡೆದರೆ ಏನೂ ಕಾಣಲ್ಲ ಅಂದ್ರು. ಅಲ್ಲೇ ಇದ್ದ ಆಚಾರಿ "ಹಾಗೇನಾದ್ರೂ ಮಾಡಿದ್ರೆ ನಾನು ಈ ಮನೆ ಕೆಲಸಕ್ಕೆ ಬರಲ್ಲ" ಅಂತ ಎದ್ದು ಹೋದ್ರು. ಈಗ ಇಬ್ಬರೂ ಫೋನ್ ಎತ್ತಲ್ಲ. ತೂತಾ, ಕಚ್ಚಾ, ಎರಡೂ ಬೇಡವಾ? ಗೊತ್ತಿರೋರು ಹೇಳಿ.

ಬೀಟೆಮರ:
ಆಚಾರಿ ಹೇಳಿದ್ದೇ ಸರಿ.

ಕುಶಾಲನಗರ_ಕರೆಂಟು:
ನಾನೂ ವೈರಿಂಗ್ ಕೆಲಸದವನೇ. ನಮ್ಮೋರು ಕಚ್ಚು ತೆಗೆಯೋದು ಯಾಕೆ ಅಂತಾನೂ ಕೇಳಿ ಸರ್. ಜಂತೆ ಜಂತೆ ಮಧ್ಯೆ ಒಂದೂವರೆ ಅಡಿ ಜಾಗ. ಅದರೊಳಗೆ ಡ್ರಿಲ್ ಮೆಷಿನ್ ನೆಟ್ಟಗೆ ಹಿಡಿಯೋಕೇ ಆಗಲ್ಲ. ಕೊರೆದ್ರೂ 10 ಅಡಿ ಉದ್ದದ ಪಿವಿಸಿ ಪೈಪನ್ನ ತೂತಿನೊಳಗೆ ತೂರಿಸೋದು ಹೇಗೆ? ಬಗ್ಗಲ್ಲ. ಕಚ್ಚಿಗಾದ್ರೆ ಕೆಳಗಿಂದ ಎತ್ತಿ ಕೂರಿಸಿದ್ರೆ ಮುಗೀತು. ಪಾಯಿಂಟಿಗೆ ಇಷ್ಟು ಅಂತ ಚೌಕಾಸಿ ಮಾಡಿ ಕೊಟ್ಟ ದುಡ್ಡಿಗೆ ಯಾರು ಇಡೀ ದಿನ ಏಣಿ ಮೇಲೆ ನಿಂತು ತೂತು ಕೊರೀತಾರೆ ಹೇಳಿ. ಆದ್ರೂ ಅಡಿಭಾಗದಲ್ಲಿ 2 ಇಂಚು ಅಂದ್ರೆ ನಾನೂ ಮಾಡಲ್ಲ, ಅದು ಜಾಸ್ತಿ ಆಯ್ತು.

ಸಂಪಾಜೆ_ಘಾಟಿ:
ಜಾಸ್ತಿ ಆಯ್ತು ಅಂತೀರಿ, ಮತ್ತೆ ಎಷ್ಟು ಕಮ್ಮಿ ಮಾರಾಯ್ರೆ? ಒಂದು ಇಂಚಾದ್ರೆ ಪುಣ್ಯವಾ?

ಲೆಕ್ಕದ_ಮಾವ:
ಊರು ವಿರಾಜಪೇಟೆ, ಕೆಲಸ ಮೈಸೂರಲ್ಲಿ, ಕಟ್ಟಡಗಳ ಸ್ಟ್ರಕ್ಚರಲ್ ಲೆಕ್ಕ ಹಾಕೋದು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹಸಿ ಕಡ್ಡಿ ಬಗ್ಗಿಸಿ ನೋಡಿ. ಹೊರಮೈ ಎಳೆದುಕೊಂಡು ಸಿಗಿಯುತ್ತೆ, ಒಳಮೈ ಅದುಮಿಕೊಂಡು ಸುಕ್ಕಾಗುತ್ತೆ, ನಡುವಿನ ತಿರುಳಿಗೆ ಏನೂ ಆಗಲ್ಲ. ಜಂತೆಯೂ ಅಷ್ಟೇ. ಮೇಲೆ ಭಾರ ಬಿದ್ದಾಗ ಕೆಳ ಅಂಚು ಎಳೆತದಲ್ಲಿರುತ್ತೆ, ಮೇಲಿನ ಅಂಚು ಒತ್ತಡದಲ್ಲಿ. ಎತ್ತರದ ಸರಿ ಮಧ್ಯದಲ್ಲಿ ಬಾಗುವಿಕೆಯ ಒತ್ತಡ ಸೊನ್ನೆ.

ಈಗ ನಿಮ್ಮ 8 ಇಂಚಿನ ಜಂತೆ. ಅಡಿಯಲ್ಲಿ 2 ಇಂಚು ಕಚ್ಚು ತೆಗೆದರೆ ಆ ಜಾಗದಲ್ಲಿ ಉಳಿಯೋದು 6 ಇಂಚು. ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ, ಅಂದ್ರೆ 64ರಲ್ಲಿ 36, ಶೇ. 56 ಮಾತ್ರ ಉಳೀತು. ಶೇ. 44 ಹೋಯ್ತು. ಇದು ಬರೀ ಅಳತೆಯ ಲೆಕ್ಕ, ಕಚ್ಚಿನ ಮೂಲೆಯಿಂದ ಎಳೆ ಉದ್ದಕ್ಕೂ ಸೀಳು ಬಿಡೋದು ಬೇರೆ. ಅದೇ 2 ಇಂಚನ್ನ ಎತ್ತರದ ಸರಿ ಮಧ್ಯದಲ್ಲಿ ಅಡ್ಡಕ್ಕೆ ದುಂಡಗೆ ಕೊರೆದರೆ ನಷ್ಟ 2/8ರ ಘನ, ಅಂದ್ರೆ 64ರಲ್ಲಿ 1. ಶೇ. 1.6ರಷ್ಟೂ ಇಲ್ಲ. ಅದೇ ಮರ, ಅದೇ 2 ಇಂಚು. ಜಾಗ ಬದಲಾಯ್ತು ಅಷ್ಟೇ.

ಸಂಪಾಜೆಯವರು ಕೇಳಿದ 1 ಇಂಚು ಕಚ್ಚಿಗೆ 64ರಲ್ಲಿ 49. ಕಾಲು ಭಾಗ ಹತ್ತಿರ ಹತ್ತಿರ ಹೋಯ್ತು.

ಸಂಪಾಜೆ_ಘಾಟಿ:
ಅಬ್ಬ! 44 ಎಲ್ಲಿ, ಒಂದೂವರೆ ಎಲ್ಲಿ. ಇದು ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ತೋಟದ_ದಾರಿ:
ಲೆಕ್ಕ ಎಲ್ಲ ಸರಿ ಸರ್. ನಮ್ಮ ಮನೆ ಜಂತೆಗಳಿಗೆ ಹಿಂದೆ ಯಾವಾಗಲೋ ವೈರಿಂಗ್ ಮಾಡಿದಾಗ ಅಡಿಗೆ ಕಚ್ಚು ತೆಗೆದಿದ್ದಾರೆ. ಮನೆ ಇನ್ನೂ ನಿಂತಿದೆ. ಅಜ್ಜಂದಿರು ಕಾಲ್ಕ್ಯುಲೇಟರ್ ಇಟ್ಕೊಂಡು ಕಟ್ಟಿದ್ರಾ?

ಲೆಕ್ಕದ_ಮಾವ:
ತೋಟದ ದಾರಿಯವರೇ, ಅಜ್ಜಂದಿರು ಬೇಕಾದ್ದಕ್ಕಿಂತ ದಪ್ಪ ಮರ ಹಾಕಿದ್ರು, ಹತ್ತಿರ ಹತ್ತಿರ ಹಾಕಿದ್ರು. ಆ ಉಳಿತಾಯವನ್ನ ನೀವು ಈಗ ತಿಂತಾ ಇದ್ದೀರಿ. ಅಟ್ಟದಲ್ಲಿ ಏಲಕ್ಕಿ ಚೀಲ, ಹಳೇ ಪಾತ್ರೆ ಇದ್ದಷ್ಟು ದಿನ ಸರಿ. ಹೋಂಸ್ಟೇ ಅಂದ್ರೆ ಮಂಚ, ಬೀರು, ನೀರು ತುಂಬಿದ ಗೀಸರ್, ಒಂದೇ ರೂಮಲ್ಲಿ ಆರು ಜನ ಕುಣಿಯೋದು.

ಹೋಂಸ್ಟೇ_ಅಕ್ಕ:
ಆರಲ್ಲ, ಹನ್ನೆರಡು. ಬುಕಿಂಗ್ ಮಾತ್ರ ನಾಲ್ಕು ಜನಕ್ಕೆ.

ನಾಪೋಕ್ಲು_ಹುಡುಗ:
ಲೆಕ್ಕದ ಮಾವ, ತುಂಬಾ ಥ್ಯಾಂಕ್ಸ್. ಹಾಗಾದ್ರೆ ಎತ್ತರದ ಮಧ್ಯ ಅಂತಾದ್ರೆ 12 ಅಡಿ ಉದ್ದದಲ್ಲಿ ಎಲ್ಲಿ ಬೇಕಾದ್ರೂ ಕೊರೆಯಬಹುದಾ? ಗೋಡೆ ಪಕ್ಕದಲ್ಲೇ ಕೊರೆದರೆ ಕಣ್ಣಿಗೆ ಬೀಳಲ್ಲ ಅಂತ ನನ್ನ ಆಸೆ.

ಲೆಕ್ಕದ_ಮಾವ:
ಗೋಡೆ ಪಕ್ಕ ಬೇಡ. ಅಲ್ಲಿ ಬಾಗುವಿಕೆ ಕಮ್ಮಿ, ಆದರೆ ಕತ್ತರಿಸೋ ಬಲ ಜಾಸ್ತಿ, ಅದು ಎತ್ತರದ ಮಧ್ಯದಲ್ಲೇ ಹೆಚ್ಚು ಕೆಲಸ ಮಾಡುತ್ತೆ. ಅಂದ್ರೆ ಬೇರೆ ಕಡೆ ಸುರಕ್ಷಿತವಾದ ಜಾಗವೇ ಅಲ್ಲಿ ಅಪಾಯದ ಜಾಗ. ಜೊತೆಗೆ ನಮ್ಮೂರಿನ ಮಳೆಗೆ ಗೋಡೆಯೊಳಗೆ ಕೂತ ತುದಿ ಮೊದಲೇ ತೇವ ಕುಡಿದಿರುತ್ತೆ.

ಬ್ರಿಟನ್ನಿನಲ್ಲಿ ಮನೆಗಳ ಜಂತೆಗೆ ಬಳಸೋ ರೂಢಿಯ ನಿಯಮ ಹೀಗಿದೆ: ತೂತು ಎತ್ತರದ ಕಾಲು ಭಾಗ ಮೀರಬಾರದು, ಸರಿ ಮಧ್ಯದಲ್ಲೇ ಇರಬೇಕು, ಆಧಾರದಿಂದ ಉದ್ದದ 0.25ರಿಂದ 0.4ರ ಒಳಗೆ ಬರಬೇಕು. ನಿಮ್ಮ 12 ಅಡಿಗೆ ಅಂದ್ರೆ ಎರಡೂ ಕಡೆ ಗೋಡೆಯಿಂದ 3 ಅಡಿ ಬಿಟ್ಟು ಸುಮಾರು 4 ಅಡಿ 9 ಇಂಚಿನವರೆಗೆ, 2 ಇಂಚಿಗಿಂತ ದೊಡ್ಡದು ಬೇಡ. ಎರಡು ತೂತು ಅಕ್ಕಪಕ್ಕ ಬಂದರೆ ಮಧ್ಯದಿಂದ ಮಧ್ಯಕ್ಕೆ ವ್ಯಾಸದ ಮೂರು ಪಟ್ಟು ಅಂತರ.

ಪೈನ್_ಕಾಟೇಜ್:
ಅಮೆರಿಕದ ಮನೆ ಕಟ್ಟೋ ಕೋಡ್‌ನಲ್ಲಿ ಮೂರನೇ ಒಂದು ಭಾಗದವರೆಗೆ ಬಿಡ್ತಾರೆ, ಮೇಲೆ ಕೆಳಗೆ 2 ಇಂಚು ಮರ ಉಳಿದ್ರೆ ಸಾಕು. ಉದ್ದದಲ್ಲಿ ಇಲ್ಲೇ ಕೊರೀಬೇಕು ಅಂತ ಏನೂ ಇಲ್ಲ. ಕಚ್ಚನ್ನೂ ಎತ್ತರದ ಆರನೇ ಒಂದು ಭಾಗ ಬಿಡ್ತಾರೆ, ನಡುವಿನ ಮೂರನೇ ಒಂದು ಭಾಗದ ಉದ್ದದಲ್ಲಿ ಮಾತ್ರ ಬೇಡ ಅಂತ. ನೀವು ಸ್ವಲ್ಪ ಜಾಸ್ತಿನೇ ಹೆದರಿಸ್ತಿದ್ದೀರಿ ಅನ್ಸುತ್ತೆ.

ಲೆಕ್ಕದ_ಮಾವ:
ಆ ಕೋಡ್ ಗ್ರೇಡ್ ಮಾಡಿದ, ಒಣಗಿಸಿದ, ಗಂಟು ಎಣಿಸಿ ಮುದ್ರೆ ಹೊಡೆದ ಹೊಸ ಮರಕ್ಕೆ. ಇಲ್ಲಿರೋದು ಕೈಯಲ್ಲಿ ಕೆತ್ತಿದ ಹಳೇ ಜಂತೆ, ಒಳಗೆ ಗೆದ್ದಲು ಎಷ್ಟು ತಿಂದಿದೆ ಅಂತ ಹೊರಗಿಂದ ಕಾಣಲ್ಲ. ಎರಡು ನಿಯಮ ಇದ್ದಾಗ ಬಿಗಿಯಾದ್ದನ್ನ ಹಿಡಿಯೋದು ನನ್ನ ಪದ್ಧತಿ. ಅವರಿಗೆ ಬೇಕಿರೋದು 20 ಎಂಎಂ ಪೈಪ್ ತಾನೇ, 22 ಎಂಎಂ ತೂತು ಸಾಕು. ಒಂದಿಂಚೂ ಇಲ್ಲ. ಮೂರನೇ ಒಂದು ಭಾಗ ಅಂತ ಜಗಳ ಆಡೋ ಅಗತ್ಯವೇ ಇಲ್ಲ.

ಪೈನ್_ಕಾಟೇಜ್:
ಆ ಮಾತು ಒಪ್ಪಿದೆ.

ಹೊನ್ನೆ_ಲೋಟ:
ಮೊದಲು ಮರ ಯಾವುದು ಅಂತ ನೋಡಿ. ಹಲಸಾದ್ರೆ ಒಳಗೆ ಹಳದಿ, ಕೊರೆಯೋಕೆ ಸುಲಭ. ಬೀಟೆ ಆದ್ರೆ ಬಿಟ್ ಮೊಂಡಾಗಿ ಹೊಗೆ ಬರುತ್ತೆ. ಹೊನ್ನೆ ಅಂತ ಅನುಮಾನ ಇದ್ರೆ ಕೊರೆದ ಪುಡಿಯನ್ನ ಗಾಜಿನ ಲೋಟದ ನೀರಲ್ಲಿ ನೆನೆಸಿ ಬಿಸಿಲಿಗೆ ಹಿಡೀರಿ. ನೀರು ಕಂದು ಹಳದಿ ಆಗಿ ಅಂಚಲ್ಲಿ ನೀಲಿ ಮಿಂಚುತ್ತೆ.

ತೋಟದ_ದಾರಿ:
ಆ ನೀರು ಕುಡಿದ್ರೆ ಶುಗರ್ ಹೋಗುತ್ತಂತಲ್ಲ?

ಹೊನ್ನೆ_ಲೋಟ:
ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯೋರು ಇದ್ದಾರೆ. ನೀವು ಅಟ್ಟದ ಜಂತೆ ಪುಡಿ ಕುಡೀಬೇಡಿ, ಅದರಲ್ಲಿ ಗೆದ್ದಲಿನ ಔಷಧಿ ಯಾವ ಕಾಲದಲ್ಲಿ ಯಾವುದು ಬಳಿದಿದ್ದಾರೋ.

ಬೀಟೆಮರ:
ಬೀಟೆ ಪುಡಿಗೆ ಮೈ ಕೆರೆತ, ಸೀನು ಬರೋದು ಉಂಟು. ಮೂಗಿಗೆ ಮಾಸ್ಕ್ ಕಟ್ಟಿ. ಅಂದ ಹಾಗೆ ಬೀಟೆ ಜಂತೆ ಒಂದು ಕೆಟ್ಟರೆ ಹೊಸದಕ್ಕೆ ಎಲ್ಲಿಗೆ ಹೋಗ್ತೀರಿ? ನಮ್ಮ ತೋಟದ ನಮ್ಮ ಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಜಮ್ಮಾ ಬಾಣೆ (ಕೊಡಗಿನ ಹಳೇ ಪದ್ಧತಿಯ ಜಮೀನು) ಆದ್ರೆ ರಿಡೀಮ್ಡಾ ಅನ್‌ರಿಡೀಮ್ಡಾ, ಅಂದ್ರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದೆಯಾ ಇಲ್ಲವಾ ಅಂತ ಅದೊಂದು ಕಥೆ.

ಸಂಪಾಜೆ_ಘಾಟಿ:
ಶುರುವಾಯ್ತು ಜಮ್ಮಾ ಬಾಣೆ.

ತೋಟದ_ದಾರಿ:
ಯಾಕೆ ಶುರುವಾಗಬಾರದು? ನಮ್ಮ ತಾತನ ಕಾಲದಿಂದ

ವೇದಿಕೆ_ನಿರ್ವಾಹಕ:
ಬಾಣೆ ವಿಷಯಕ್ಕೆ ಈಗಾಗಲೇ ದೊಡ್ಡ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಜಂತೆ ಮಾತ್ರ.

ಹೋಂಸ್ಟೇ_ಅಕ್ಕ:
ತಮ್ಮ, ನಾಪೋಕ್ಲು ಹುಡುಗ, ವೈರು ಬಿಡು. ನಿನ್ನ ನಿಜವಾದ ತಲೆನೋವು ಅಟ್ಟದ ಮೇಲಿನ ಬಾತ್‌ರೂಮು. ಸುಂಟಿಕೊಪ್ಪದಲ್ಲಿ ನಮ್ಮ ನೆಂಟರೊಬ್ಬರು ಮರದ ಅಟ್ಟದ ಮೇಲೆ ಟೈಲ್ಸ್ ಹಾಕಿಸಿ ಬಾತ್‌ರೂಮು ಮಾಡಿದ್ರು. ಕಮೋಡಿನ ಪೈಪ್ 4 ಇಂಚು. ಅದಕ್ಕೆ ಪ್ಲಂಬರ್ ಜಂತೆಯನ್ನೇ ಅರ್ಧ ಕೊಯ್ದು ಬಿಟ್ಟ. ಎರಡು ಮಳೆಗಾಲ ಕಳೀತು, ಟೈಲ್ಸ್ ಸಂದಿ ಬಿರುಕು ಬಿಟ್ಟು ನೀರು ಇಳಿದು ಕೆಳಗಿನ ಹಾಲಿನ ಹಲಗೆ ಕಪ್ಪಾಯ್ತು. ಆಮೇಲೆ ಬಾತ್‌ರೂಮು ಕಿತ್ತು ಮನೆ ಹಿಂಭಾಗಕ್ಕೆ ಕಾಂಕ್ರೀಟ್ ಪಿಲ್ಲರ್ ಎತ್ತಿ ಬೇರೆಯಾಗಿ ಕಟ್ಟಿ, ಅಟ್ಟದಿಂದ ಬಾಗಿಲು ಮಾತ್ರ ಕೊಟ್ರು. ನೀನು ಮೊದಲೇ ಹಾಗೆ ಮಾಡು.

ಲೆಕ್ಕದ_ಮಾವ:
ಅಕ್ಕ ಹೇಳಿದ್ದನ್ನ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಆ 4 ಇಂಚು ಅನ್ನೋ 110 ಎಂಎಂ ಪೈಪ್ 8 ಇಂಚಿನ ಜಂತೆಯಲ್ಲಿ ಮೇಲೆ ಹೇಳಿದ ಯಾವ ನಿಯಮಕ್ಕೂ ಬರಲ್ಲ, ಅರ್ಧಕ್ಕಿಂತ ದೊಡ್ಡ ತೂತು ಅದು. ವೈರಿನ ಹಾಗೆ ಮಟ್ಟಸವಾಗಿ ಎಳೆಯೋಕೂ ಆಗಲ್ಲ. ಕೊಳೆ ನೀರಿನ ಪೈಪಿಗೆ ಇಳಿಜಾರು ಬೇಕಲ್ಲ. 40ಕ್ಕೆ 1 ಅಂತ ಹಿಡಿದರೂ 12 ಅಡಿ ಹೋಗೋಷ್ಟರಲ್ಲಿ 3.6 ಇಂಚು ಕೆಳಗಿಳಿಯುತ್ತೆ. ಮೊದಲ ಜಂತೆಯಲ್ಲಿ ಮಧ್ಯದಲ್ಲಿದ್ದ ತೂತು ಕೊನೆಯದಕ್ಕೆ ಬರುವಾಗ ಅಡಿ ಅಂಚಿಗೆ ಬಂದಿರುತ್ತೆ. ಜಂತೆಗೆ ಸಮಾನಾಂತರವಾಗಿ ಎರಡರ ಮಧ್ಯೆ ಪೈಪ್ ಓಡಿಸಿ ಹೊರಗೋಡೆ ದಾಟಿಸೋಕೆ ಆದರೆ ಸರಿ, ಇಲ್ಲದಿದ್ದರೆ ಮರದ ಅಟ್ಟದ ಮೇಲೆ ಕಮೋಡ್ ಬೇಡ.

ನಲ್ಲಿ_ನೀರು:
ಪ್ಲಂಬಿಂಗ್ ಕಡೆಯಿಂದ ಒಂದು ಮಾತು. ಬಿಸಿನೀರಿನ ಸಿಪಿವಿಸಿ ಪೈಪ್ ಜಂತೆಯ ತೂತಲ್ಲಿ ಬಿಗಿಯಾಗಿ ಕೂರಬಾರದು. ಮುಕ್ಕಾಲು ಇಂಚಿನ ಪೈಪಿನ ಹೊರ ಅಳತೆ 22 ಎಂಎಂ ಚಿಲ್ಲರೆ, ತೂತು 28 ಇರಲಿ. ಬಿಸಿಯಾದಾಗ ಉದ್ದ ಆಗುತ್ತೆ. 3 ಮೀಟರ್ ಪೈಪ್ 40 ಡಿಗ್ರಿ ಏರಿದ್ರೆ 7 ಎಂಎಂ ಮೇಲೆ ಬೆಳೆಯುತ್ತೆ. ಬಿಗಿ ಇದ್ರೆ ರಾತ್ರಿ ಗೆಸ್ಟ್ ಸ್ನಾನ ಮಾಡುವಾಗ ಮನೆ ಪೂರ್ತಿ ಕಿರ್ ಕಿರ್ ಅನ್ನುತ್ತೆ.

ಹೋಂಸ್ಟೇ_ಅಕ್ಕ:
ದೆವ್ವದ ಸದ್ದು ಅಂತ ರಿವ್ಯೂ ಬರೀತಾರೆ.

ಮೂರ್ನಾಡು_ಮಿಕ್ಸರ್:
ಅದಕ್ಕೆ ಇನ್ನೂ ಜಾಸ್ತಿ ಬುಕಿಂಗ್ ಬರುತ್ತೆ ಅಕ್ಕ.

ಕುಶಾಲನಗರ_ಕರೆಂಟು:
ನಾನು ಮೊದಲು ಹೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 10 ಅಡಿ ಪೈಪ್ ತೂರಿಸೋದು ಹೇಗೆ?

ಬೈರಿಗೆ_ಬಸಪ್ಪ:
ತೂರಿಸೋದೇ ಬೇಡ. ಜಂತೆ ಮಧ್ಯದ ಜಾಗಕ್ಕೆ ತಕ್ಕಂತೆ ಪೈಪ್ ತುಂಡು ಮಾಡಿ, ಒಂದೊಂದು ಖಾನೆಯಲ್ಲಿ ಕಪ್ಲರ್ ಹಾಕಿ ಅಂಟಿಸ್ತಾ ಹೋಗಿ. ಇಲ್ಲಾಂದ್ರೆ ಫ್ಲೆಕ್ಸಿಬಲ್ ಪೈಪ್. ವೈರ್ ಎಳೆಯುವಾಗ ಉರುಟು ಅಂಚು ಕಚ್ಚದ ಹಾಗೆ ತೂತಿನ ಬಾಯಿ ಉಜ್ಜಿಡಿ.

ಕೊರೆಯೋಕೆ ಮುಂಚೆ ಒಂದು ದಾರ ಕಟ್ಟಿ. ಪ್ರತಿ ಜಂತೆಯ ಎತ್ತರ ಅಳೆದು ಅರ್ಧಕ್ಕೆ ಗುರುತು ಹಾಕಿ. ಹಳೇ ಜಂತೆ ಒಂದೇ ಸಮ ಇರಲ್ಲ, ಒಂದು 8 ಇದ್ರೆ ಇನ್ನೊಂದು ಏಳೂವರೆ. ಗಂಟು ಇದ್ದಲ್ಲಿ, ಸೀಳು ಇದ್ದಲ್ಲಿ ಕೊರೀಬೇಡಿ, ಒಂದು ಗೇಣು ಈಚೆ ಬನ್ನಿ. ಜಂತೆ ತೊಲೆಗೆ ಕೂಡೋ ಗೂಟದ ಜಾಗಕ್ಕಂತೂ ಹೋಗಲೇಬೇಡಿ.

ಬಿಟ್ ವಿಷಯ. ಚಪ್ಪಟೆ ಅಲಗಿನ ಸ್ಪೇಡ್ ಬಿಟ್ ಅಗ್ಗ, ಆದರೆ ಗಟ್ಟಿ ಮರದಲ್ಲಿ ಅಲುಗಾಡುತ್ತೆ, ಆಚೆ ಬದಿ ಮರ ಸಿಗಿಯುತ್ತೆ. 4 ಇಂಚು ದಪ್ಪಕ್ಕೆ ಸುರುಳಿಯಾಕಾರದ ಆಗರ್ ಬಿಟ್ ಒಳ್ಳೇದು, ತುದಿಯ ತಿರುಪು ತಾನೇ ಎಳೆದುಕೊಂಡು ಹೋಗುತ್ತೆ. ಅದೇ ಅದರ ಅಪಾಯವೂ ಹೌದು. ಒಳಗೆ ಹಳೇ ಮೊಳೆ ಸಿಕ್ಕಿತೋ, ಬಿಟ್ ನಿಲ್ಲುತ್ತೆ, ಮೆಷಿನ್ ಸುತ್ತುತ್ತೆ. ನಮ್ಮ ಪಕ್ಕದ ಸೈಟಿನಲ್ಲಿ ಒಬ್ಬ ಹುಡುಗನ ಮಣಿಕಟ್ಟು ತಿರುಚಿ ಹೋಯ್ತು, ಏಣಿ ಮೇಲೆ ಒಂದೇ ಕೈಲಿ ಹಿಡಿದಿದ್ದ. ಪಕ್ಕದ ಹಿಡಿ ಹಾಕಿ ಎರಡೂ ಕೈಲಿ ಹಿಡೀರಿ, ನಿಧಾನದ ಗೇರು, ಹ್ಯಾಮರ್ ಮೋಡ್ ಆಫ್. ಸಡಿಲ ಕೈಗವಸು, ನೇತಾಡೋ ತೋಳು ಬೇಡ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮೇಲ್ಮುಖ ನೋಡ್ಕೊಂಡು ಕೊರೀತೀರಿ ತಾನೇ.

ಸಂಪಾಜೆ_ಘಾಟಿ:
ಮೊಳೆ ಇದೆಯಾ ಅಂತ ಮೊದಲೇ ತಿಳಿಯೋದು ಹೇಗೆ ಬಸಪ್ಪಣ್ಣ?

ಬೈರಿಗೆ_ಬಸಪ್ಪ:
ಅಯಸ್ಕಾಂತ ಓಡಿಸಿ ನೋಡಿ, ಮೇಲೆ ಇರೋದು ಸಿಗುತ್ತೆ. ಆಳದಲ್ಲಿ ಇರೋದಕ್ಕೆ ಮೊದಲು ಸಣ್ಣ ಬಿಟ್‌ನಲ್ಲಿ ದಾರಿ ಕೊರೆದು ನೋಡೋದು. ಆ ಸಣ್ಣ ತೂತಿನಿಂದ ಬರೋ ಪುಡಿ ಹೊಸ ಮರದ ಹಾಗೆ ಇದ್ರೆ ಸರಿ. ಮಣ್ಣಿನ ಹಾಗೆ ಉದುರಿದ್ರೆ ಒಳಗೆ ಗೆದ್ದಲು ಮನೆ ಮಾಡಿದೆ, ಕೆಲಸ ನಿಲ್ಲಿಸಿ ಆಚಾರಿನ ಕರೀರಿ.

ಕುಶಾಲನಗರ_ಕರೆಂಟು:
ಡ್ರಿಲ್‌ಗೆ ಕರೆಂಟ್ ಬೇಕು ಅಂತ ಮೇನ್ ಆನ್ ಇಟ್ಕೊಂಡೇ ಹಳೇ ವೈರಿಂಗ್ ಇರೋ ಜಂತೆ ಕೊರೆಯೋರಿದ್ದಾರೆ. ಬ್ಯಾಟರಿ ಡ್ರಿಲ್ ತನ್ನಿ, ಮೇನ್ ಆಫ್ ಮಾಡಿ. ಇನ್ವರ್ಟರ್ ಇರೋ ಮನೆಯಲ್ಲಿ ಮೇನ್ ಆಫ್ ಮಾಡಿದ್ರೂ ಲೈಟಿನ ವೈರಲ್ಲಿ ಕರೆಂಟ್ ಇರುತ್ತೆ, ಅದನ್ನೂ ಆಫ್ ಮಾಡಬೇಕು. ನಮ್ಮ ಕಡೆ ಮಳೆಗಾಲಕ್ಕೆ ಇನ್ವರ್ಟರ್ ಇಲ್ಲದ ಮನೆ ಎಲ್ಲಿದೆ. ಟೆಸ್ಟರ್ ಇಟ್ಟು ನೋಡದೆ ಬಿಟ್ ಇಡಬೇಡಿ.

ಮತ್ತೆ, ಒಂದೇ ಪೈಪಿಗೆ ಮನೆಯ ವೈರೆಲ್ಲ ತುರುಕಬೇಡಿ, ಬಿಸಿ ಹೊರಗೆ ಹೋಗಲ್ಲ. ಗೀಸರ್ ವೈರು ಪ್ರತ್ಯೇಕ. ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿಸಿ. ಮರದ ಮನೆಗೆ ಇದು ದುಂದು ಅಲ್ಲ.

ಪೈನ್_ಕಾಟೇಜ್:
ನಾನು ತೋಟದಲ್ಲಿ ಪೈನ್ ಫ್ರೇಮಿನ ಕಾಟೇಜ್ ಕಟ್ಟಿಸ್ತಾ ಇದ್ದೀನಿ. ಗೋಡೆಯ ನಿಲುವು ಕಂಬಗಳು 38 ಎಂಎಂ ದಪ್ಪ, 89 ಎಂಎಂ ಅಗಲ. ಭಾರ ಹೊರುವ ಗೋಡೆಯಲ್ಲಿ ಅಗಲದ ಶೇ. 40, ಬರೀ ಅಡ್ಡಗೋಡೆಯಲ್ಲಿ ಶೇ. 60ರವರೆಗೆ ತೂತು ಅಂತ ಲೆಕ್ಕ. ಅಂದ್ರೆ 35 ಎಂಎಂ ಮತ್ತು 53 ಎಂಎಂ. ಅಂಚಿನಿಂದ 16 ಎಂಎಂ ಮರ ಉಳೀಬೇಕು. ಲೆಕ್ಕದ ಮಾವ, ಸರಿ ಇದೆಯಾ?

ಲೆಕ್ಕದ_ಮಾವ:
ಸರಿ ಇದೆ. ತೂತು ಅಂಚಿನಿಂದ 32 ಎಂಎಂ ಒಳಗೆ ಬಂದರೆ ಆ ಜಾಗಕ್ಕೆ 1.6 ಎಂಎಂ ಉಕ್ಕಿನ ಪಟ್ಟಿ ಹೊಡೆಸಿ. ನಾಳೆ ಯಾರೋ ಫೋಟೋ ತೂಗುಹಾಕೋಕೆ ಸ್ಕ್ರೂ ಹೊಡೆದಾಗ ವೈರಿಗೆ ತಾಗಬಾರದಲ್ಲ. ನಾಪೋಕ್ಲು ಮನೆಯ ಜಂತೆಗೆ ಅದು ಬೇಡ, ಮೇಲೆ ಕೆಳಗೆ ಮೂರು ಇಂಚು ಮರವೇ ಇದೆ. ನಿಮ್ಮ ಕಾಟೇಜಿನ ಮೇಲ್ಛಾವಣಿಗೆ ಫ್ಯಾಕ್ಟರಿ ಟ್ರಸ್ (ಜೋಡಿಸಿಯೇ ಬರೋ ತ್ರಿಕೋನ ಚೌಕಟ್ಟು) ಬರುತ್ತೆ ಅಂದ್ರೆ ಅದಕ್ಕೆ ಕೊರೆಯೋದೂ ಬೇಡ, ಕೊಯ್ಯೋದೂ ಬೇಡ. ಮಾಡಿಕೊಟ್ಟವರನ್ನೇ ಕೇಳಿ.

ಮೂರ್ನಾಡು_ಮಿಕ್ಸರ್:
ನನ್ನದೊಂದು ಪ್ರಶ್ನೆ. ಫ್ಯಾನಿಗೆ ಜಂತೆಯ ಮೇಲಿಂದ ಕೆಳಕ್ಕೆ ನೆಟ್ಟಗೆ ತೂತು ಕೊರೆದು ಬೋಲ್ಟ್ ಹಾಕ್ತಾರಲ್ಲ, ಅದು?

ಲೆಕ್ಕದ_ಮಾವ:
ಮೇಲಿಂದ ಕೆಳಕ್ಕೆ ಅಂದ್ರೆ ಎರಡೂ ಅಂಚನ್ನೂ ಕೊರೆದ ಹಾಗಾಯ್ತು. 4 ಇಂಚು ದಪ್ಪದಲ್ಲಿ 1 ಇಂಚು ತೂತು ಕೊರೆದರೆ ಅಲ್ಲಿ ಕಾಲು ಭಾಗ ಬಲ ಹೋಯ್ತು, ಅದೂ ಸಾಮಾನ್ಯವಾಗಿ ರೂಮಿನ ಸರಿ ನಡುವಲ್ಲಿ, ಬಾಗುವಿಕೆ ಅತಿ ಹೆಚ್ಚಿರೋ ಕಡೆ. ಜಂತೆಯನ್ನ ಅಪ್ಪಿ ಹಿಡಿಯೋ ಕಬ್ಬಿಣದ ಪಟ್ಟಿ ಮಾಡಿಸಿ, ಎತ್ತರದ ಮಧ್ಯದಲ್ಲಿ ಅಡ್ಡಕ್ಕೆ ಒಂದು ಸಣ್ಣ ಬೋಲ್ಟ್ ಹಾಕಿ.

ಬೀಟೆಮರ:
ಮಡಿಕೇರಿಯಲ್ಲಿ ಫ್ಯಾನ್ ಯಾಕೆ?

ಮೂರ್ನಾಡು_ಮಿಕ್ಸರ್:
ಏಪ್ರಿಲ್‌ನಲ್ಲಿ ಬಂದು ನಮ್ಮನೇಲಿ ಕೂತು ನೋಡಿ ಸ್ವಾಮಿ.

ಕಕ್ಕಬೆ_ಜೇನು:
ಇಷ್ಟೆಲ್ಲ ಕೊರೆಯೋದು ಯಾಕೆ ಅಂತ ನನಗಂತೂ ಅರ್ಥ ಆಗ್ತಿಲ್ಲ. ಹಳೇ ಮನೆಯಲ್ಲಿ ವೈರು ಜಂತೆಯ ಪಕ್ಕದ ಮೈಮೇಲೆ ಓಡಿದ್ರೆ ಏನಾಗುತ್ತೆ? ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ ವೈರಿಂಗ್ ಎಷ್ಟು ಚೆಂದ ಇತ್ತು.

ಹೋಂಸ್ಟೇ_ಅಕ್ಕ:
ಬಿಳಿ ಕೇಸಿಂಗ್ ಪಟ್ಟಿ ಬೀಟೆ ಜಂತೆ ಮೇಲೆ ಎಷ್ಟು ಅಸಹ್ಯ ಕಾಣುತ್ತೆ ಅಂದ್ರೆ! ಕಂದು ಬಣ್ಣದ್ದು ಹಾಕಿದ್ರೆ ಪರವಾಗಿಲ್ಲ. ನಮ್ಮಲ್ಲಿ ಅಟ್ಟದ ವೈರನ್ನೆಲ್ಲ ಗೋಡೆ ಮೇಲಿನ ಅಂಚಿನಲ್ಲಿ ಸುತ್ತಿಸಿದ್ದೀವಿ, ಜಂತೆ ದಾಟೋದು ಎರಡೇ ಕಡೆ.

ಕುಶಾಲನಗರ_ಕರೆಂಟು:
ಅಕ್ಕ ಹೇಳಿದ ದಾರಿ ಒಳ್ಳೇದು. ವೈರು ನಾಲ್ಕು ಮೀಟರ್ ಜಾಸ್ತಿ ಹೋದ್ರೂ ತೂತು ಕಮ್ಮಿ. ಆದರೆ ಇಲಿ ಇರೋ ಅಟ್ಟದಲ್ಲಿ ವೈರು ಹಾಗೇ ಬಿಡಬೇಡಿ, ಪೈಪಿನೊಳಗೇ ಹೋಗಲಿ. ತೂತಿನ ಸುತ್ತ ಉಳಿದ ಸಂದಿಯನ್ನೂ ಮುಚ್ಚಿ, ಇಲಿಗೆ ಅದೇ ಬಾಗಿಲು.

ನಾಪೋಕ್ಲು_ಹುಡುಗ:
ಬಾತ್‌ರೂಮು ಹಿಂಭಾಗಕ್ಕೆ ಹಾಕೋದು ಅಂತ ಮನೆಯಲ್ಲಿ ಮಾತಾಡ್ತಿದ್ದೀವಿ. ಇನ್ನೊಂದು ವಿಷಯ: ಇವತ್ತು ಏಣಿ ಹತ್ತಿ ನೋಡಿದೆ, ಒಂದು ಜಂತೆಯ ಅಡಿಯಲ್ಲಿ ಹಳೇ ಕಚ್ಚು ಮೊದಲೇ ಇದೆ, ಒಂದೂವರೆ ಇಂಚು ಆಳ, ಮೂಲೆಯಿಂದ ಸಣ್ಣ ಸೀಳು ಕೂಡ ಹೋಗಿದೆ. ಮರದ ತುಂಡು ಅಂಟಿಸಿ ತುಂಬಿದ್ರೆ ಸಾಕಾ?

ಲೆಕ್ಕದ_ಮಾವ:
ಸಾಕಾಗಲ್ಲ. ಅಡಿ ಅಂಚು ಎಳೆತದಲ್ಲಿದೆ, ತುಂಬಿದ ತುಂಡು ಎಳೆತ ಹಿಡಿಯಲ್ಲ. ಮೊದಲು ಕೆಳಗಿಂದ ಜ್ಯಾಕ್ ಅಥವಾ ಗಟ್ಟಿ ಕಂಬ ಕೊಟ್ಟು ಭಾರ ತೆಗೀರಿ. ಆಮೇಲೆ ಎರಡೂ ಪಕ್ಕಕ್ಕೆ ಅದೇ ಎತ್ತರದ ಒಣಗಿದ ಗಟ್ಟಿ ಹಲಗೆ, ಆದಷ್ಟೂ ಗೋಡೆಯಿಂದ ಗೋಡೆಗೆ, ಬೋಲ್ಟ್ ಹಾಕಿ ಜೋಡಿಸಿ. ಬೋಲ್ಟ್ ತೂತುಗಳೂ ಮೇಲೆ ಕೆಳಗಿನ ಅಂಚಿನಿಂದ ದೂರ ಇರಲಿ, ಒಂದೇ ಗೆರೆಯಲ್ಲಿ ಬೇಡ. ಸೀಳು ಎಷ್ಟು ಉದ್ದ ಹೋಗಿದೆ ಅನ್ನೋದನ್ನ ಯಾರಾದ್ರೂ ಎದುರು ನಿಂತು ನೋಡಬೇಕು, ಫೋನಿನಲ್ಲಿ ಫೋಟೋ ನೋಡಿ ಹೇಳೋ ವಿಷಯ ಅಲ್ಲ ಅದು.

ತೋಟದ_ದಾರಿ:
ಪಕ್ಕದ ಹಲಗೆಗೆ ಸಿಲ್ವರ್ ಓಕ್ ಆಗಲ್ವಾ? ತೋಟದಲ್ಲೇ ಇದೆ.

ಬೈರಿಗೆ_ಬಸಪ್ಪ:
ನಿನ್ನೆ ಕೊಯ್ದದ್ದನ್ನ ಇವತ್ತು ಜೋಡಿಸೋದಾದ್ರೆ ಬೇಡ. ಹಸಿ ಸಿಲ್ವರ್ ಓಕ್ ಒಣಗುವಾಗ ತಿರುಚಿಕೊಳ್ಳುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಹಳೇ ಮನೆ ಕೆಡವಿದ ಕಡೆ ಮತ್ತಿ, ನಂದಿ ತುಂಡು ಸಿಕ್ಕರೆ ನೋಡಿ.

ಸಂಪಾಜೆ_ಘಾಟಿ:
ಮಳೆ ಶುರುವಾದ್ಮೇಲೆ ಈ ಕೆಲಸ ಹಚ್ಕೊಳ್ಳಬೇಡಿ ಮಾತ್ರ. ಮರ ನೀರು ಕುಡಿದು ಉಬ್ಬಿರುತ್ತೆ, ಬಿಟ್ ಸಿಕ್ಕಿಕೊಳ್ಳುತ್ತೆ.

ಮೂರ್ನಾಡು_ಮಿಕ್ಸರ್:
ಮಳೆ ನಿಂತ ಮೇಲೆ ಅಂದ್ರೆ ಹುತ್ತರಿ ಸುಗ್ಗಿ ಹಬ್ಬ, ಅದು ಮುಗಿಯೋಷ್ಟರಲ್ಲಿ ಕಾಫಿ ಕೊಯ್ಲು. ಆಗ ಕೆಲಸದವರನ್ನ ಹುಡುಕಿ ನೋಡೋಣ.

ನಾಪೋಕ್ಲು_ಹುಡುಗ:
ಆಚಾರಿ ಈಗಷ್ಟೇ ಫೋನ್ ಎತ್ತಿದ್ರು. ಜಂತೆ ಮಧ್ಯದಲ್ಲಿ ಮುಕ್ಕಾಲು ಇಂಚು ತೂತು ಅಂದಿದ್ದಕ್ಕೆ "ಅದನ್ನ ನಾನೇ ಕೊರೀತೀನಿ, ಅವನು ಕೈ ಹಾಕೋದು ಬೇಡ" ಅಂದ್ರು.

ಕುಶಾಲನಗರ_ಕರೆಂಟು:
ಕೊರೀಲಿ ಬಿಡಿ. ಮುಕ್ಕಾಲು ಇಂಚು ಅಂದ್ರೆ 19 ಎಂಎಂ, 20ರ ಪೈಪ್ ಹೋಗಲ್ಲ. 22ರ ಬಿಟ್ ತಗೊಂಡು ಬರೋಕೆ ಹೇಳಿ.